ಗಣಿ ಮುಚ್ಚಿ 30 ವರ್ಷವಾದರೂ ಹೋಗದ ಧೂಳು: ಕಬ್ವೆ ಊರಿನ ಕಥೆ

ಮಣ್ಣಲ್ಲಿ ಆಡಿದ ಮಗು ಕೈ ಬಾಯಿಗಿಟ್ಟರೆ ನಮ್ಮಲ್ಲಿ ಅಜ್ಜಿ ಗದರಿಸಿ ಕೈ ತೊಳೆಸುತ್ತಾಳೆ. ವಿಷಯ ಅಲ್ಲಿಗೆ ಮುಗಿಯಿತು. ಆಫ್ರಿಕಾದ ಜಾಂಬಿಯಾ ದೇಶದ ಕಬ್ವೆ ಊರಲ್ಲಿ ಅದು ಅಷ್ಟಕ್ಕೇ ಮುಗಿಯುವುದಿಲ್ಲ. ಅಲ್ಲಿನ ಮಣ್ಣಲ್ಲೇ ಸೀಸ ಬೆರೆತಿದೆ.

ರಾಜಧಾನಿ ಲುಸಾಕಾದ ಉತ್ತರಕ್ಕಿರುವ ಈ ಜಾಗದಲ್ಲಿ 1902ರಲ್ಲಿ ಸೀಸ ಮತ್ತು ಸತುವಿನ ಅದಿರು ಸಿಕ್ಕಿತು. ಆಗ ಅದು ಬ್ರಿಟಿಷ್ ಕಂಪನಿಯ ಆಡಳಿತದ ಸೀಮೆ. ಆಸ್ಟ್ರೇಲಿಯಾದ ಪ್ರಸಿದ್ಧ ಗಣಿಯ ಹೆಸರನ್ನೇ ತಂದು ಇಲ್ಲಿಗೂ ‘ಬ್ರೋಕನ್ ಹಿಲ್’ ಎಂದು ಇಟ್ಟರು. 1906ರಲ್ಲಿ ದಕ್ಷಿಣದಿಂದ ರೈಲು ಬಂತು. ಅದಿರು ಹೊರಗೆ ಹೋಯಿತು, ಕೆಲಸ ಹುಡುಕಿಕೊಂಡು ಜನ ಒಳಗೆ ಬಂದರು. ಗಣಿಗೆ ಕರೆಂಟ್ ಬೇಕೆಂದು 1920ರ ದಶಕದಲ್ಲಿ ಮುಲುಂಗುಶಿ ನದಿಯಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಿದರು. ಕಾರ್ಮಿಕರ ಕಾಲೊನಿಗಳು ಎದ್ದವು. ಹೀಗೆ ಊರು ಬೆಳೆಯಿತು.

1921ರಲ್ಲಿ ಅದಿರು ಅಗೆಯುವಾಗ ಒಂದು ಪುರಾತನ ತಲೆಬುರುಡೆ ಸಿಕ್ಕಿತು. ಅದು ಸುಮಾರು 3 ಲಕ್ಷ ವರ್ಷ ಹಿಂದಿನ ಮಾನವನದು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಬುರುಡೆಯನ್ನು ಲಂಡನ್ನಿಗೆ ಸಾಗಿಸಿದರು. ಅದನ್ನು ವಾಪಸ್ ಕೊಡಿ ಎಂದು ಜಾಂಬಿಯಾ ಹಲವು ವರ್ಷಗಳಿಂದ ಕೇಳುತ್ತಿದೆ.

1964ರಲ್ಲಿ ದೇಶ ಸ್ವತಂತ್ರವಾಯಿತು. ಬ್ರೋಕನ್ ಹಿಲ್ ಹೋಗಿ ಕಬ್ವೆ ಎಂಬ ಹೆಸರು ಬಂತು. 1970ರ ದಶಕದಲ್ಲಿ ಗಣಿ ಸರ್ಕಾರದ ಕೈಗೆ ಬಂತು. 1994ರಲ್ಲಿ ಮುಚ್ಚಿತು.

ಗಣಿ ಮುಚ್ಚಿದರೂ ಸೀಸ ಹೋಗಲಿಲ್ಲ. ಅದಿರು ಕರಗಿಸುವ ಕುಲುಮೆಯ ಹೊಗೆ ದಶಕಗಟ್ಟಲೆ ಸುತ್ತಲಿನ ಮನೆ, ಅಂಗಳಗಳ ಮೇಲೆ ಕೂತಿತ್ತು. ಸೀಸ ಕೊಳೆಯುವ ವಸ್ತುವಲ್ಲ. ದೊಡ್ಡವರಿಗಿಂತ ಮಕ್ಕಳ ದೇಹ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ರಕ್ತ ಕಡಿಮೆಯಾಗುತ್ತದೆ, ಮೆದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ. ಮೆದುಳಿಗಾದ ಹಾನಿ ಮತ್ತೆ ಸರಿಹೋಗುವುದು ಕಷ್ಟ. ಗಣಿ ಪಕ್ಕದ ಕಸಾಂಡಾ, ಚೋವಾ, ಮಕುಲುಲು ಬಡಾವಣೆಗಳ ಮಕ್ಕಳ ರಕ್ತದಲ್ಲಿ ಅಪಾಯದ ಮಟ್ಟದ ಸೀಸ ಕಂಡುಬಂದಿದೆ.

ವಿಶ್ವಬ್ಯಾಂಕಿನ ಸಾಲದಲ್ಲಿ ರಕ್ತಪರೀಕ್ಷೆ, ಔಷಧಿ ಕೊಡುವ ಕೆಲಸ ನಡೆದಿದೆ. ಕೆಲವು ಮನೆಗಳ ಅಂಗಳಕ್ಕೆ ಹೊಸ ಮಣ್ಣು ಹಾಕಿದ್ದಾರೆ. ಆದರೆ ಗಣಿತ್ಯಾಜ್ಯದ ದೊಡ್ಡ ರಾಶಿ ಅಲ್ಲೇ ಇದೆ. ಗಾಳಿ ಬೀಸಿದರೆ ಶುಚಿ ಮಾಡಿದ ಅಂಗಳಕ್ಕೂ ಧೂಳು ಬರುತ್ತದೆ. ಬೇರೆ ಕೆಲಸ ಸಿಗದವರು ಹೊಟ್ಟೆಪಾಡಿಗೆ ಅದೇ ರಾಶಿಯನ್ನು ಕೆದಕುತ್ತಾರೆ.

ಗಣಿ ಬರುವಾಗ ಎಷ್ಟು ಜನಕ್ಕೆ ಕೆಲಸ ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಮುಚ್ಚುವಾಗ ಮಣ್ಣನ್ನು ಶುಚಿ ಮಾಡುವವರು ಯಾರು, ಅದರ ಖರ್ಚು ಯಾರದು ಎಂಬುದನ್ನೂ ಅಂದೇ ಕೇಳಿ ಬರೆಸಿಕೊಳ್ಳಬೇಕು. ಕಬ್ವೆಯ ಮಕ್ಕಳ ಪರವಾಗಿ ಅದನ್ನು ಕೇಳಿದವರು ಆಗ ಇರಲಿಲ್ಲ.