ಮೂರು ಮನೆಯ ನಾವಿಕ

ಇಂಗ್ಲಿಷ್ ಪದಬಂಧದ ಚಟವಿದ್ದವರಿಗೆ ‘ನಾವಿಕ’ ಎಂಬ ಸುಳಿವು ಕಂಡರೆ ತಲೆ ಕೆರೆದುಕೊಳ್ಳಬೇಕಾದ್ದಿಲ್ಲ. ಖಾಲಿ ಮನೆ ನಾಲ್ಕಿದ್ದರೆ ‘ಸಾಲ್ಟ್’, ಮೂರಿದ್ದರೆ ‘ಟಾರ್’, ಎರಡೇ ಇದ್ದರೆ ‘ಎ.ಬಿ.’. ಕೊನೆಯದು ನುರಿತ ನಾವಿಕನ ದರ್ಜೆಯ ಸಂಕ್ಷೇಪ. ಉಪ್ಪಿಗೂ ಸಮುದ್ರಕ್ಕೂ ಇರುವ ನಂಟು ಸುಲಭವಾಗಿ ಹೊಳೆಯುತ್ತದೆ. ಆದರೆ ಟಾರು ಮನುಷ್ಯನ ಹೆಸರಾದದ್ದು ಹೇಗೆ?

ಅದು ನಮ್ಮ ರಸ್ತೆಯ ಡಾಂಬರಲ್ಲ. ಪೈನ್ ಮರದ ಬೇರು, ಕೊರಡುಗಳನ್ನು ಮುಚ್ಚಿದ ಗುಂಡಿಯಲ್ಲಿ ನಿಧಾನವಾಗಿ ಸುಟ್ಟಾಗ ಇಳಿಯುವ ಕಪ್ಪು ಅಂಟು. ಹಾಯಿಹಡಗಿನ ಸೆಣಬಿನ ಹಗ್ಗಗಳು ನೀರಿನಲ್ಲಿ ಕೊಳೆಯದಿರಲು ಅದನ್ನೇ ಬಳಿಯುತ್ತಿದ್ದರು. ಬ್ರಿಟನ್ನಿಗೆ ಅದು ಮುಖ್ಯವಾಗಿ ಬರುತ್ತಿದ್ದುದು ಬಾಲ್ಟಿಕ್ ತೀರದಿಂದ. ಅಲ್ಲಿ ಯುದ್ಧ ನಡೆದು ಪೂರೈಕೆಗೆ ಸಂಚಕಾರ ಬಂದಾಗ, 1705ರಲ್ಲಿ ಅಮೆರಿಕದ ವಸಾಹತುಗಳ ಟಾರಿಗೆ ಪ್ರೋತ್ಸಾಹಧನ ಕೊಡುವ ಕಾನೂನನ್ನೇ ಮಾಡಲಾಯಿತು. ಟಾರಿಲ್ಲದೆ ನೌಕಾಪಡೆಯಿಲ್ಲ ಎನ್ನುವಂತಿತ್ತು ಸ್ಥಿತಿ.

ಮಳೆ, ಅಲೆಗಳಿಂದ ರಕ್ಷಣೆಗೆ ನಾವಿಕರು ಟಾರು ಬಳಿದ ಕ್ಯಾನ್ವಾಸನ್ನೇ ತೊಡುತ್ತಿದ್ದರು. ಆ ಬಟ್ಟೆ ‘ಟಾರ್ಪಾಲಿನ್’. ನಮ್ಮ ರೈತರು ಇಂದು ರಾಶಿಗೆ ಹೊದಿಸುವ ಟಾರ್ಪಾಲು, ಉತ್ತರ ಕರ್ನಾಟಕದ ತಾಡಪತ್ರಿ, ಇದರದೇ ವಂಶ. 17ನೇ ಶತಮಾನದಲ್ಲಿ ಬಟ್ಟೆಯ ಹೆಸರು ತೊಟ್ಟವನಿಗೂ ಅಂಟಿತು. ಸ್ಯಾಮ್ಯುಯೆಲ್ ಪೀಪ್ಸ್ ನೌಕಾ ಇಲಾಖೆಯಲ್ಲಿದ್ದ ಕಾಲಕ್ಕೆ ಕಪ್ತಾನರಲ್ಲಿ ಎರಡು ಜಾತಿ: ಮನೆತನದ ಬಲದಿಂದ ಬಂದ ‘ಜಂಟಲ್‌ಮನ್’, ಹಗ್ಗ ಎಳೆದು ಮೇಲೇರಿದ ‘ಟಾರ್ಪಾಲಿನ್’. ಅದೇ ಮುಂದೆ ಮೊಟಕಾಗಿ ‘ಟಾರ್’ ಆಯಿತು.

1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ರಚಿಸಿದ ಮೊದಲ ಪದಬಂಧ ಬಂದಾಗ ಹಾಯಿಹಡಗುಗಳ ಕಾಲ ಮುಗಿಯುತ್ತ ಬಂದಿತ್ತು. ಪದಕ್ಕೆ ಮಾತ್ರ ಹೊಸ ನೌಕರಿ ಸಿಕ್ಕಿತು. ಅದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿಸಿದರೆ ಇಲಿ, ಕಲಸಿದರೆ ಕಲೆ. ‘ನಾವಿಕ ಹಿಂದಿರುಗಿದ’ ಎಂಬ ಸುಳಿವಿಗೆ ಉತ್ತರ ‘ರ್‍ಯಾಟ್’ ಎಂದರೆ ಹೊಸಬರು ಸಿಟ್ಟಾಗುವುದು ಸಹಜ!

ಆರು ಮನೆಗಳಿದ್ದರೆ ಉತ್ತರ ‘ಲಾಸ್ಕರ್’ ಇರಬಹುದು. ಸೈನ್ಯ ಎಂಬರ್ಥದ ಪರ್ಷಿಯನ್ ‘ಲಷ್ಕರ್’ ಪೋರ್ಚುಗೀಸರ ಬಾಯಲ್ಲಿ ಹೊರಳಿ, ಯುರೋಪಿನ ಹಡಗುಗಳಲ್ಲಿ ದುಡಿದ ಭಾರತೀಯ ನಾವಿಕರ ಹೆಸರಾಯಿತು. ಪದಬಂಧದಲ್ಲಿ ಟಾರ್, ಲಾಸ್ಕರ್ ಇಬ್ಬರೂ ನಾವಿಕರೇ. ಕಾನೂನಿನಲ್ಲಿ ಹಾಗಿರಲಿಲ್ಲ. ಬ್ರಿಟಿಷ್ ಆಳ್ವಿಕೆಯ ನೆಲದಲ್ಲೇ ಹುಟ್ಟಿದ್ದರೂ ಲಾಸ್ಕರರನ್ನು ‘ಬ್ರಿಟಿಷ್ ನಾವಿಕ’ರೆಂದು ಗಣಿಸಲಾಗದೆಂದು 1823ರ ಕಾಯಿದೆ ಸಾರಿತು. ಅದೇ ಹಡಗು, ಅದೇ ಹಗ್ಗ. ಕೂಲಿ ಮಾತ್ರ ಬಿಳಿಯನಿಗಿಂತ ಬಹಳ ಕಡಿಮೆ.

ಕನ್ನಡ ಪದಬಂಧದಲ್ಲಿ ಮನೆಗಳನ್ನು ಎಣಿಸಿ ಪ್ರಯೋಜನವಿಲ್ಲ. ನಾವಿಕ, ಅಂಬಿಗ, ಖಲಾಸಿ ಮೂವರಿಗೂ ಮೂರೇ ಮನೆ. ಅಂಬಿಗ ಹೆಚ್ಚಾಗಿ ಹೊಳೆ ದಾಟಿಸುವವನು. ಅರಬ್ಬಿ ಮೂಲದ ಖಲಾಸಿಯಂತೂ ಹಡಗಿನಿಂದಿಳಿದು ಎಂದೋ ರೈಲ್ವೆ ಸೇರಿದ್ದಾನೆ.