ಜಪಾನಿನ ಖಾಸಗಿ ಆಂಗ್ಲಭಾಷಾ ಶಾಲೆಗಳಲ್ಲಿ ಅಧ್ಯಾಪಕರ ಸಂಘಟನೆ

ಜಪಾನಿನ ನಗರಗಳಲ್ಲಿ, ಬಹುಮಟ್ಟಿಗೆ ರೈಲುನಿಲ್ದಾಣಗಳ ಆಸುಪಾಸಿನಲ್ಲಿ, ಶುಲ್ಕ ತೆತ್ತು ಬರುವ ವಯಸ್ಕರಿಗೂ ಮಕ್ಕಳಿಗೂ ಆಂಗ್ಲ ಸಂಭಾಷಣೆಯನ್ನು ಕಲಿಸುವ ಖಾಸಗಿ ಶಾಲೆಗಳನ್ನು ಆ ನಾಡಿನವರು ‘ಏಕೈವಾ’ ಎಂದು ಕರೆಯುವರು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯ ಮೊದಲಾದ ದೇಶಗಳಿಂದ ಬಂದು, ವರ್ಷಾವಧಿಯ ಕರಾರಿನ ಮೇಲೆ ಈ ಶಾಲೆಗಳಲ್ಲಿ ದುಡಿಯುವ ಅಧ್ಯಾಪಕರು, 1990ರ ದಶಕದಿಂದೀಚೆಗೆ ಅಲ್ಲಿಯ ಕಾರ್ಮಿಕ ಶಾಸನದ ಆಶ್ರಯದಲ್ಲಿ ಸಂಘಗಳನ್ನು ಕಟ್ಟಿಕೊಂಡು, ವೇತನ, ವಿಮೆ, ಉದ್ಯೋಗಭದ್ರತೆಗಳಿಗಾಗಿ ನಡೆಸಿದ ಪ್ರಯತ್ನಗಳ ವೃತ್ತಾಂತವೇ ಪ್ರಕೃತ ಲೇಖನದ ವಿಷಯ. ಇಂದು ಬಂದು ನಾಳೆ ಹೊರಡುವ ಅತಿಥಿಗಳೆಂದು ಮಾಲಿಕರೂ, ಎಷ್ಟೋ ಸಲ ಸ್ವತಃ ತಾವೂ, ಭಾವಿಸಿದ್ದ ಈ ಜನರು ತಾವು ಆ ನೆಲದ ಶ್ರಮಿಕರೆಂಬುದನ್ನು ನ್ಯಾಯಾಲಯಗಳ ಬಾಯಿಂದಲೇ ಹೇಳಿಸಿದರೆಂಬುದು ಈ ಇತಿಹಾಸದ ಮುಖ್ಯಾಂಶವಾಗಿದೆ.

ಪರದೇಶದಲ್ಲಿ ಭಾಷೆಯನ್ನು ಕಲಿಸಿ ಬದುಕುವವರ ಅನಿಶ್ಚಿತ ಸ್ಥಿತಿಯು ಜಪಾನಿನಲ್ಲಿ ಹುಟ್ಟಿದುದಲ್ಲ. ಮ್ಯಾಕ್ಸಿಮಿಲಿಯನ್ ಬರ್ಲಿಟ್ಜ್ 1878ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಸ್ಥಾಪಿಸಿದ ಶಾಲೆಯು, ಕಲಿಯುವ ಭಾಷೆಯಲ್ಲಿಯೇ ಪಾಠವೆಲ್ಲವೂ ನಡೆಯತಕ್ಕುದೆಂಬ ವಿಧಾನವನ್ನು ಹಿಡಿದು, ಆ ಭಾಷೆ ಮಾತೃಭಾಷೆಯಾಗಿದ್ದವರನ್ನೇ ಅಧ್ಯಾಪಕರನ್ನಾಗಿ ನೇಮಿಸಿಕೊಳ್ಳುತ್ತ ಯೂರೋಪಿನ ನಗರಗಳಿಗೆ ಹರಡಿದಾಗ, ಊರಿಂದೂರಿಗೆ ಸಂಚರಿಸುವ ತರುಣ ಅಧ್ಯಾಪಕರ ಒಂದು ವರ್ಗವೇ ನಿರ್ಮಾಣವಾಯಿತು. ಐರ್ಲೆಂಡಿನ ಕಾದಂಬರಿಕಾರ ಜೇಮ್ಸ್ ಜಾಯ್ಸ್ 1904ರಲ್ಲಿ ಪೋಲಾ ನಗರದಲ್ಲಿಯೂ, ಮರುವರ್ಷ ಟ್ರಿಯೆಸ್ಟ್ ನಗರದಲ್ಲಿಯೂ ಈ ಸಂಸ್ಥೆಯ ಶಾಲೆಗಳಲ್ಲಿ ಪಾಠ ಹೇಳಿ ಹೊಟ್ಟೆ ಹೊರೆದವನು. ಬರ್ಲಿಟ್ಜ್ ಸಂಸ್ಥೆ ಜಪಾನಿನಲ್ಲಿ ನೆಲೆಯೂರಿದುದು 1966ರಲ್ಲಿ. ಅನಂತರ ದೇಶದ ಉದ್ಯಮವು ಜಗತ್ತಿನಾದ್ಯಂತ ವ್ಯಾಪಿಸಿ, 1985ರ ಬಳಿಕ ಯೆನ್ನಿನ ಮೌಲ್ಯವು ಒಮ್ಮೆಗೇ ಏರಿ, ವಿದೇಶೀಯರಿಗೆ ಅಲ್ಲಿಯ ಸಂಬಳವು ಆಕರ್ಷಕವಾಗಿ ಕಾಣತೊಡಗಲು, ಇಂತಹ ಶಾಲೆಗಳು ದೊಡ್ಡ ವಾಣಿಜ್ಯಸಂಸ್ಥೆಗಳಾಗಿ ಬೆಳೆದವು. ಅವುಗಳಲ್ಲಿ ಅಗ್ರಗಣ್ಯವಾದುದು 1981ರಲ್ಲಿ ನೋಜೋಮು ಸಹಾಷಿ ಎಂಬವರು ಒಸಾಕದಲ್ಲಿ ಆರಂಭಿಸಿದ ನೋವಾ. ನಿಲ್ದಾಣದ ಎದುರಿನಲ್ಲಿಯೇ ವಿದೇಶವ್ಯಾಸಂಗವೆಂಬ ಅದರ ಜಾಹೀರಾತು ಆ ಕಾಲದ ಜಪಾನಿನಲ್ಲಿ ಮನೆಮಾತಾಗಿತ್ತು.

ಅಧ್ಯಾಪಕರ ಪಾಲಿಗೆ ತಿಂಗಳಿಗೆ ಸುಮಾರು ಎರಡೂವರೆ ಲಕ್ಷ ಯೆನ್ ಎಂಬುದು ವಾಡಿಕೆಯ ಸಂಬಳವಾಗಿ ನಿಂತು, ದಶಕಗಳು ಕಳೆದರೂ ಬಹುಮಟ್ಟಿಗೆ ಅಲ್ಲಿಯೇ ಉಳಿಯಿತು. ಕರಾರು ಒಂದು ವರ್ಷದ್ದು. ನವೀಕರಣವು ಮಾಲಿಕನ ಇಚ್ಛೆ. ವಾಸದ ಮನೆಯನ್ನು ಅನೇಕ ಕಡೆ ಸಂಸ್ಥೆಯೇ ಒದಗಿಸಿ ಬಾಡಿಗೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಿತ್ತು. ದೇಶದಲ್ಲಿ ವಾಸಿಸುವ ಅನುಮತಿಯು ವಸ್ತುತಃ ಆಯಾ ವ್ಯಕ್ತಿಗೆ ದತ್ತವಾದುದೇ ಹೊರತು ಸಂಸ್ಥೆಯ ಸ್ವತ್ತಲ್ಲವಾದರೂ, ಕೆಲಸ ಬಿಟ್ಟರೆ ವೀಸಾವೂ ಹೋಯಿತೆಂಬ ಭೀತಿಯು ಹೊಸಬರಲ್ಲಿ ವ್ಯಾಪಕವಾಗಿತ್ತು. ಮನೆ, ಉದ್ಯೋಗ, ವಾಸದ ಹಕ್ಕು ಮೂರೂ ಒಬ್ಬನೇ ಯಜಮಾನನ ಕೈಯಲ್ಲಿರುವಂತೆ ತೋರುವಾಗ, ಭಾಷೆಯರಿಯದ ನಾಡಿನಲ್ಲಿ ಒಬ್ಬಂಟಿಯಾದವನು ಎದುರುನುಡಿಯುವುದು ಸುಲಭವಲ್ಲವೆಂಬುದನ್ನು ಬಗೆದು ನೋಡಿದಲ್ಲದೆ ಮುಂದಿನ ಘಟನೆಗಳ ಮಹತ್ತ್ವವು ಅರಿವಾಗದು.

ಆದರೆ ಶಾಸನವು ಅವರ ಪಕ್ಷದಲ್ಲಿತ್ತು. ಯುದ್ಧಾನಂತರ 1947ರಲ್ಲಿ ಜಾರಿಗೆ ಬಂದ ಸಂವಿಧಾನದ 28ನೆಯ ವಿಧಿಯು ಸಂಘ ಕಟ್ಟುವ, ಸಾಮೂಹಿಕವಾಗಿ ಸಂಧಾನ ನಡೆಸುವ ಹಕ್ಕನ್ನು ಶ್ರಮಿಕರಿಗೆ ಇತ್ತಿತು. ಅದೇ ವರ್ಷದ ಕಾರ್ಮಿಕ ಮಾನದಂಡ ಕಾಯಿದೆಯ 3ನೆಯ ವಿಧಿಯು ರಾಷ್ಟ್ರೀಯತೆಯ ಆಧಾರದ ಮೇಲೆ ಉದ್ಯೋಗದ ಷರತ್ತುಗಳಲ್ಲಿ ಭೇದವೆಣಿಸುವುದನ್ನು ನಿಷೇಧಿಸಿತು. 1949ರಲ್ಲಿ ಪುನರ್ರಚಿತವಾದ ಕಾರ್ಮಿಕ ಸಂಘ ಕಾಯಿದೆಯ ಪ್ರಕಾರ, ಸಕಾರಣವಿಲ್ಲದೆ ಸಂಘದೊಡನೆ ಮಾತುಕತೆಗೆ ಕುಳಿತುಕೊಳ್ಳಲು ಮಾಲಿಕನು ನಿರಾಕರಿಸುವುದು ಅನುಚಿತ ಕಾರ್ಯವೆನಿಸುವುದು, ಮತ್ತು ನ್ಯಾಯಸಮ್ಮತ ಮುಷ್ಕರದಿಂದ ಉಂಟಾದ ನಷ್ಟಕ್ಕಾಗಿ ಸಂಘದಿಂದಲೋ ಸದಸ್ಯರಿಂದಲೋ ಪರಿಹಾರ ಕೇಳಲು ಬಾರದು. ಸಂಘ ಕಟ್ಟಲು ಇಬ್ಬರಿದ್ದರೆ ಸಾಕು. ಸರಕಾರದ ಪೂರ್ವಾನುಮತಿ ಬೇಕಿಲ್ಲ. ಈ ಕೊನೆಯ ಅಂಶವು ಚದರಿಹೋಗಿದ್ದ ಅಧ್ಯಾಪಕ ವೃಂದಕ್ಕೆ ಎಷ್ಟು ಉಪಕಾರಕವಾಯಿತೆಂಬುದನ್ನು ಎಷ್ಟು ಹೇಳಿದರೂ ಕಡಮೆಯೇ.

ಜಪಾನಿನ ಕಾರ್ಮಿಕ ಚಳವಳಿಯ ಮುಖ್ಯ ಪ್ರವಾಹವಾದ ಕಂಪನಿವಾರು ಸಂಘಗಳು ಆಯಾ ಕಂಪನಿಯ ಕಾಯಂ ನೌಕರರಿಗೆಂದೇ ರಚಿತವಾಗಿದ್ದುದರಿಂದ, ಅಲ್ಪಾವಧಿಯ ವಿದೇಶೀಯರಿಗೆ ಅಲ್ಲಿ ಎಡೆಯಿರಲಿಲ್ಲ. ಪರಂತು 1950ರ ದಶಕದಿಂದ, ಸಣ್ಣ ಕಾರ್ಖಾನೆಗಳ ದುಡಿಮೆಗಾರರನ್ನು ಒಗ್ಗೂಡಿಸಲೆಂದು, ಯಾವ ಕಂಪನಿಯವನಾದರೂ ವ್ಯಕ್ತಿಶಃ ಸೇರಬಹುದಾದ ಸಾಮಾನ್ಯ ಕಾರ್ಮಿಕ ಸಂಘಗಳು ಬೆಳೆದಿದ್ದವು. ಟೋಕಿಯೋದಲ್ಲಿ ‘ನಾಂಬು’ ಎಂದು ಪ್ರಸಿದ್ಧವಾದ ಸಾಮಾನ್ಯ ಕಾರ್ಮಿಕರ ಸಂಘವು ಈ ಪರಂಪರೆಯದು. ಒಸಾಕದಲ್ಲಿ 1991ರಲ್ಲಿ ಸ್ಥಾಪಿತವಾದ ‘ಜನರಲ್ ಯೂನಿಯನ್’ ಇದೇ ಮಾರ್ಗವನ್ನು ಹಿಡಿದು, ವಿದೇಶೀ ಅಧ್ಯಾಪಕರನ್ನು ಬಹುಸಂಖ್ಯೆಯಲ್ಲಿ ಸೇರಿಸಿಕೊಂಡಿತು. ಸದಸ್ಯನು ಒಂದು ಶಾಲೆಯನ್ನು ಬಿಟ್ಟು ಮತ್ತೊಂದಕ್ಕೆ ಹೋದರೂ ಸಂಘವು ಅವನನ್ನು ಬಿಡುತ್ತಿರಲಿಲ್ಲ. ಶಾಲೆಯ ಶಾಖೆ ಖಾಲಿಯಾದರೂ ಕಚೇರಿ, ದಾಖಲೆ, ಜಪಾನೀ ಭಾಷೆ ಬಲ್ಲ ಸಂಘಟಕರು ಉಳಿಯುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಜನ ಬದಲಾಗುವ ವೃತ್ತಿಯಲ್ಲಿ ಅನುಭವವು ಕೈಯಿಂದ ಕೈಗೆ ಸಾಗಿ ಬಂದುದು ಹೀಗೆ.

ಆರಂಭದ ವ್ಯಾಜ್ಯಗಳಲ್ಲಿ ಕೆಲವು ವೇತನಕ್ಕಿಂತಲೂ ಮಾನಮರ್ಯಾದೆಗೆ ಸಂಬಂಧಿಸಿದವು. ಶಾಲೆಯ ಹೊರಗೆ ವಿದ್ಯಾರ್ಥಿಗಳೊಡನೆ ಯಾವ ಒಡನಾಟವೂ ಕೂಡದೆಂದು ನೋವಾ ಸಂಸ್ಥೆಯು ಅಧ್ಯಾಪಕರಿಗೆ ವಿಧಿಸಿದ್ದ ನಿಷೇಧವನ್ನು ಕುರಿತು ದೂರು ಹೋಗಿ, ಅದು ಮಾನವ ಹಕ್ಕುಗಳಿಗೆ ವಿರುದ್ಧವಾದುದೆಂದು ಒಸಾಕದ ವಕೀಲರ ಸಂಘವು 2004ರಲ್ಲಿ ಅಭಿಪ್ರಾಯವಿತ್ತಿತು. ಆದರೆ ಬಹುಕಾಲ ನಡೆದ ಹೋರಾಟವು ಆರೋಗ್ಯವಿಮೆ ಮತ್ತು ಪಿಂಚಣಿಗಳದು. ಪೂರ್ಣಾವಧಿ ನೌಕರನ ಕೆಲಸದ ವೇಳೆಯಲ್ಲಿ ಸುಮಾರು ಮುಕ್ಕಾಲು ಪಾಲು ದುಡಿಯುವವನಿಗೆ ಮಾಲಿಕನು ಅರ್ಧ ಕಂತನ್ನು ತುಂಬಿ ವಿಮೆ ಮಾಡಿಸಬೇಕೆಂಬುದು 1980ರಿಂದ ಆಡಳಿತ ಅನುಸರಿಸಿಕೊಂಡು ಬಂದ ಮಾನದಂಡ. ನಲವತ್ತು ಗಂಟೆಯ ವಾರದಲ್ಲಿ ಮುಕ್ಕಾಲೆಂದರೆ ಮೂವತ್ತು ಗಂಟೆ. ಆದಕಾರಣ ಕರಾರುಪತ್ರದಲ್ಲಿ ವಾರಕ್ಕೆ ಇಪ್ಪತ್ತೊಂಬತ್ತೂವರೆ ಗಂಟೆಯೆಂದು ಬರೆಯುವ ಪದ್ಧತಿ ಹುಟ್ಟಿತು. ಪಾಠಗಳ ನಡುವಣ ಬಿಡುವು, ಪೂರ್ವಸಿದ್ಧತೆ, ವಿದ್ಯಾರ್ಥಿಗಳ ಪ್ರಗತಿಪತ್ರ ಬರೆಯುವ ಹೊತ್ತು ಇವೆಲ್ಲ ಲೆಕ್ಕದಿಂದ ಹೊರಗೆ. ಅಧ್ಯಾಪನವೆಂದರೆ ಪಾಠದ ಗಂಟೆ ಮಾತ್ರವೇ ಎಂಬ ಈ ವಾದವು, ಕಲಿಸುವ ಕೆಲಸವನ್ನು ಬಲ್ಲ ಯಾರಿಗಾದರೂ ನೋವುಂಟುಮಾಡತಕ್ಕ ಮಾತು.

2007ನೆಯ ವರ್ಷವು ಈ ಇತಿಹಾಸದಲ್ಲಿ ಸಂಧಿಕಾಲ. ಆ ವೇಳೆಗೆ 900ಕ್ಕೂ ಹೆಚ್ಚು ಶಾಖೆಗಳನ್ನೂ, ಸಹಸ್ರಾರು ವಿದೇಶೀ ಅಧ್ಯಾಪಕರನ್ನೂ ಹೊಂದಿದ್ದ ನೋವಾ ಸಂಸ್ಥೆಯು ಮುಂಗಡವಾಗಿ ಪಡೆದ ಶುಲ್ಕವನ್ನು ಹಿಂದಿರುಗಿಸುವಾಗ ಅನುಸರಿಸುತ್ತಿದ್ದ ಲೆಕ್ಕಾಚಾರವು ಅಕ್ರಮವೆಂದು ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಜೂನ್ ತಿಂಗಳಲ್ಲಿ ಸರಕಾರವು ದೀರ್ಘಾವಧಿಯ ಹೊಸ ಕರಾರುಗಳನ್ನು ಆರು ತಿಂಗಳ ಕಾಲ ತಡೆಹಿಡಿಯಿತು. ಮುಂಗಡ ಹಣದ ಮೇಲೆಯೇ ನಿಂತಿದ್ದ ಸಂಸ್ಥೆಗೆ ಇದು ಮರ್ಮಾಘಾತವಾಯಿತು. ಶರತ್ಕಾಲದ ಹೊತ್ತಿಗೆ ಸಂಬಳ ತಡವಾಗಿ, ಬಳಿಕ ನಿಂತೇಹೋಯಿತು. ಸಂಬಳದಿಂದ ಬಾಡಿಗೆಯನ್ನು ಮುರಿದುಕೊಂಡಿದ್ದರೂ ಅದು ಮನೆಯೊಡೆಯರಿಗೆ ತಲಪದೆ, ಕೆಲವು ಅಧ್ಯಾಪಕರು ಮನೆ ಬಿಡಬೇಕೆಂಬ ನೋಟೀಸನ್ನು ಎದುರಿಸಿದರು. ಅಕ್ಟೋಬರ್ 26ರಂದು ಸಂಸ್ಥೆಯು ನ್ಯಾಯಾಲಯದ ರಕ್ಷಣೆ ಕೋರಿ ಬಾಗಿಲು ಮುಚ್ಚಿದಾಗ, ಹಣ ಕಟ್ಟಿದ್ದ ಸುಮಾರು ಮೂರು ಲಕ್ಷ ವಿದ್ಯಾರ್ಥಿಗಳೂ ದಿಕ್ಕೆಟ್ಟರು.

ಆ ದಿನಗಳಲ್ಲಿ ಸಂಘಗಳು ಮಾಡಿದ ಕಾರ್ಯವು ಸ್ಮರಣಾರ್ಹ. ಮಾಲಿಕನು ದಿವಾಳಿಯಾದರೆ ಬಾಕಿ ಸಂಬಳದಲ್ಲಿ ನಿಯಮಿತ ಮಿತಿಯೊಳಗೆ ಶೇ. 80ರಷ್ಟನ್ನು ಸರಕಾರವೇ ಕೊಡತಕ್ಕುದೆಂಬ 1976ರ ಶಾಸನವನ್ನು ಅಧ್ಯಾಪಕರಿಗೆ ತಿಳಿಯಹೇಳಿ, ಅರ್ಜಿಗಳಿಗೂ ನಿರುದ್ಯೋಗ ಭತ್ಯೆಗೂ ಅವರಿಗೆ ನೆರವಾದವು. ಟೋಕಿಯೋದ ನಾಂಬು ಸಂಘವು ಊಟಕ್ಕೆ ಪ್ರತಿಯಾಗಿ ಪಾಠವೆಂಬ ಏರ್ಪಾಡನ್ನು ನಡೆಸಿ, ಗುರುವಿಗೆ ಅನ್ನವೂ ಶಿಷ್ಯನಿಗೆ ಪಾಠವೂ ತಪ್ಪದಂತೆ ನೋಡಿಕೊಂಡಿತು. ಹಣ ಕಳೆದುಕೊಂಡ ವಿದ್ಯಾರ್ಥಿಯೂ ಸಂಬಳ ಕಳೆದುಕೊಂಡ ಅಧ್ಯಾಪಕನೂ ಪರಸ್ಪರ ವಿರೋಧಿಗಳಲ್ಲವೆಂದು ತೋರಿಸಿದ ಈ ಉಪಾಯವು ಆ ಚಳವಳಿಯ ಅತ್ಯಂತ ಮಾನವೀಯ ಅಧ್ಯಾಯವೆಂದು ಹೇಳಬಹುದು. ನೌಕರರ ಕ್ಷೇಮನಿಧಿಯ ಹಣವನ್ನು ಅನ್ಯಥಾ ಉಪಯೋಗಿಸಿದ ಅಪರಾಧಕ್ಕಾಗಿ ಸಂಸ್ಥಾಪಕ ಸಹಾಷಿಯವರಿಗೆ 2009ರಲ್ಲಿ ಒಸಾಕ ಜಿಲ್ಲಾ ನ್ಯಾಯಾಲಯವು ಕಾರಾಗೃಹವಾಸವನ್ನು ವಿಧಿಸಿತು. ಜಿಯಾಸ್ ಎಂಬ ಮತ್ತೊಂದು ದೊಡ್ಡ ಸಂಸ್ಥೆಯೂ 2010ರ ಏಪ್ರಿಲಿನಲ್ಲಿ ದಿವಾಳಿಯಾಯಿತು.

ನೋವಾ ಕುಸಿದ ಎರಡೇ ತಿಂಗಳಲ್ಲಿ, 2007ರ ಡಿಸೆಂಬರ್ 13ರಂದು, ಬರ್ಲಿಟ್ಜ್ ಅಧ್ಯಾಪಕರ ಮುಷ್ಕರವು ಆರಂಭವಾಯಿತು. ನಾಂಬು ಸಂಘದ ಅಂಗವಾದ ಬರ್ಲಿಟ್ಜ್ ಜನರಲ್ ಯೂನಿಯನ್ ಟೋಕಿಯೋ, ಅಂದರೆ ಬೆಗುಂಟೊ, ಮೂಲವೇತನದಲ್ಲಿ ಶೇ. 4.6ರ ಏರಿಕೆಯನ್ನೂ ಒಂದು ತಿಂಗಳ ಸಂಬಳದ ಬೋನಸನ್ನೂ ಬೇಡಿತ್ತು. ಮುಷ್ಕರದ ಕ್ರಮವು ವಿಶಿಷ್ಟವಾದುದು: ಎಲ್ಲರೂ ಒಮ್ಮೆಗೇ ಕೆಲಸ ನಿಲ್ಲಿಸದೆ, ಇಂದು ಒಂದು ಶಾಖೆಯಲ್ಲಿ ಒಂದು ಪಾಠ, ನಾಳೆ ಇನ್ನೊಂದರಲ್ಲಿ ಎರಡು ಪಾಠ ಎಂಬಂತೆ, ಸ್ವಲ್ಪ ಮುಂಚೆ ಮಾತ್ರ ತಿಳಿಸಿ ಹೊರನಡೆಯುತ್ತಿದ್ದರು. ಅಧ್ಯಾಪಕನು ಕಳೆದುಕೊಳ್ಳುತ್ತಿದ್ದುದು ಆ ಪಾಠದ ಸಂಬಳವನ್ನಷ್ಟೆ. ಸಂಸ್ಥೆಯಾದರೋ ಬದಲಿಯವರನ್ನು ಎಲ್ಲೆಡೆಯೂ ಸಿದ್ಧವಾಗಿರಿಸಬೇಕಾಗಿತ್ತು. ನೂರಕ್ಕೂ ಮಿಕ್ಕ ಅಧ್ಯಾಪಕರು ಪಾಲ್ಗೊಂಡು ಸುಮಾರು ಒಂದು ವರ್ಷ ನಡೆದ ಈ ಮುಷ್ಕರವು ಜಪಾನಿನ ಭಾಷಾಶಾಲೆಗಳ ಚರಿತ್ರೆಯಲ್ಲಿಯೇ ಅತಿ ದೀರ್ಘವಾದುದೆಂದು ಪರಿಗಣಿತವಾಗಿದೆ. ಮುಷ್ಕರವೇ ಅಕ್ರಮವೆಂದು ವಾದಿಸಿದ ಸಂಸ್ಥೆಯು 2008ರ ಡಿಸೆಂಬರಿನಲ್ಲಿ ಸಂಘದ ಪದಾಧಿಕಾರಿಗಳ ಮೇಲೆ 11 ಕೋಟಿ ಯೆನ್ನಿನ ನಷ್ಟಪರಿಹಾರಕ್ಕಾಗಿ ದಾವೆ ಹೂಡಿತು. ತಿಂಗಳ ಸಂಬಳದಲ್ಲಿ ಬದುಕುವ ಅಧ್ಯಾಪಕರು ಇಂತಹ ಮೊತ್ತದ ದಾವೆಯನ್ನು ಹೆಗಲ ಮೇಲೆ ಹೊತ್ತು ಮೂರು ವರ್ಷಕ್ಕೂ ಮೇಲ್ಪಟ್ಟು ಕದಲದೆ ನಿಂತರೆಂಬುದು ಅವರ ಧೈರ್ಯಕ್ಕೆ ಸಾಕ್ಷಿ. 2012ರ ಫೆಬ್ರವರಿ 27ರಂದು ಟೋಕಿಯೋ ಜಿಲ್ಲಾ ನ್ಯಾಯಾಲಯವು ದಾವೆಯನ್ನು ಸಂಪೂರ್ಣವಾಗಿ ವಜಾ ಮಾಡಿತು. ಸಂಸ್ಥೆಯು ಮೇಲ್ಮನವಿ ಸಲ್ಲಿಸಿದರೂ, ಅದೇ ವರ್ಷದ ಕೊನೆಯಲ್ಲಿ ಉಚ್ಚ ನ್ಯಾಯಾಲಯದಲ್ಲಿ ಉಭಯಪಕ್ಷಗಳೂ ರಾಜಿಗೆ ಬಂದವು. ಈ ಮಧ್ಯೆ 2010ರಲ್ಲಿ ಲೂಯಿ ಕಾರ್ಲೆ ಮೊದಲಾದ ಸಂಘಟಕರು ನಾಂಬು ಸಂಘದಿಂದ ಹೊರಬಂದು ‘ತೋಜೆನ್’ ಎಂಬ ಹೊಸ ಸಂಘವನ್ನು ಕಟ್ಟಿದ್ದರು.

ಮುಷ್ಕರದ ಹಕ್ಕು ಸ್ಥಿರಪಟ್ಟ ಮೇಲೆ ವಿವಾದವು ಅದಕ್ಕೂ ಮೂಲವಾದ ಪ್ರಶ್ನೆಗೆ ಸರಿಯಿತು. ಅಧ್ಯಾಪಕರನ್ನು ನೌಕರರೆಂದು ನೇಮಿಸದೆ, ಪಾಠಕ್ಕಿಷ್ಟೆಂದು ಹಣ ಪಡೆಯುವ ಸ್ವತಂತ್ರ ಗುತ್ತಿಗೆದಾರರೆಂದು ಬರೆಸಿಕೊಳ್ಳುವ ರೂಢಿಯು ಕೆಲವು ಸಂಸ್ಥೆಗಳಲ್ಲಿ ಬೆಳೆದಿತ್ತು. ಹಾಗಾದರೆ ವೇತನಸಹಿತ ರಜೆಯಿಲ್ಲ, ವಿಮೆಯಿಲ್ಲ. ಹೊಸ ಆಡಳಿತದಡಿಯಲ್ಲಿ ಮತ್ತೆ ನಡೆಯುತ್ತಿದ್ದ ನೋವಾ ಶಾಲೆಗಳ ಇಂತಹ ಅಧ್ಯಾಪಕರು ಹೂಡಿದ ಮೊಕದ್ದಮೆಯಲ್ಲಿ, ಕರಾರಿನ ಹೆಸರು ಏನೇ ಇರಲಿ, ಕೆಲಸ ನಡೆಯುವ ರೀತಿಯನ್ನು ನೋಡಿದರೆ ಇವರು ಶ್ರಮಿಕರೇ ಎಂದು 2020ರಲ್ಲಿ ನಾಗೋಯ ಉಚ್ಚ ನ್ಯಾಯಾಲಯವು ನಿರ್ಣಯಿಸಿತು. ಭಾರತೀಯ ಓದುಗರಿಗೆ ಈ ಪ್ರಶ್ನೆಯು ಅಪರಿಚಿತವಲ್ಲ. ಬೆಂಗಳೂರು ನೀರು ಸರಬರಾಜು ಮಂಡಲಿಯ 1978ರ ಪ್ರಖ್ಯಾತ ಮೊಕದ್ದಮೆಯಲ್ಲಿ ವಿದ್ಯಾಸಂಸ್ಥೆಗಳೂ ಉದ್ಯಮದ ಪರಿಧಿಗೆ ಸೇರುವುವೆಂದು ಸಾರಿದ ನಮ್ಮ ಸರ್ವೋಚ್ಚ ನ್ಯಾಯಾಲಯವೇ, ಗೋವೆಯ ಶಾಲಾಧ್ಯಾಪಕಿಯೊಬ್ಬರ ಮೊಕದ್ದಮೆಯಲ್ಲಿ 1988ರಲ್ಲಿ, ಅಧ್ಯಾಪಕರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕೆಲಸಗಾರರಲ್ಲವೆಂದು ಹೇಳಿತು. ಅದರೊಡನೆ ಹೋಲಿಸಿದಾಗ ಜಪಾನಿನ ನ್ಯಾಯಪೀಠದ ದೃಷ್ಟಿಯೇ ಹೆಚ್ಚು ಯುಕ್ತವೆಂದು ತೋರುತ್ತದೆ.

ಶಾಸನವೂ ಮೆಲ್ಲಮೆಲ್ಲನೆ ಬದಲಾಯಿತು. ಅವಧಿಬದ್ಧ ಕರಾರಿನ ಮೇಲೆ ಒಬ್ಬನೇ ಮಾಲಿಕನ ಬಳಿ ಐದು ವರ್ಷಕ್ಕೂ ಮೀರಿ ದುಡಿದವನು ಅನಿರ್ದಿಷ್ಟಾವಧಿಯ ನೇಮಕವನ್ನು ಕೇಳಿ ಪಡೆಯಬಹುದೆಂಬ ನಿಯಮವು 2013ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ದೊಡ್ಡ ಸಂಸ್ಥೆಗಳಲ್ಲಿ ವಾರಕ್ಕೆ 20 ಗಂಟೆ ದುಡಿಯುವವರಿಗೂ, ವೇತನಾದಿ ಕೆಲವು ಷರತ್ತುಗಳಿಗೆ ಒಳಪಟ್ಟು, 2016ರ ಅಕ್ಟೋಬರಿನಿಂದ ವಿಮೆ ಕಡ್ಡಾಯವಾಗಲು, ಅಂತಹ ಕಡೆಗಳಲ್ಲಿ ಇಪ್ಪತ್ತೊಂಬತ್ತೂವರೆ ಗಂಟೆಯ ಲೆಕ್ಕಕ್ಕೆ ಅರ್ಥವುಳಿಯಲಿಲ್ಲ; 2024ರ ಅಕ್ಟೋಬರಿನಿಂದ ಐವತ್ತಕ್ಕೂ ಹೆಚ್ಚು ನೌಕರರುಳ್ಳ ಸಂಸ್ಥೆಗಳಿಗೂ ಈ ನಿಯಮವು ವಿಸ್ತರಿಸಿದೆ. ಸಂಘ ಕಟ್ಟುವ ಹಕ್ಕಿದ್ದುದರಿಂದಲೇ ಜಪಾನಿನಲ್ಲಿ ಈ ಹೋರಾಟಗಳು ಸಾಧ್ಯವಾದವು; ಭಾರತದಿಂದ, ವಿಶೇಷವಾಗಿ ದಕ್ಷಿಣದ ರಾಜ್ಯಗಳಿಂದ, ಬಹುಮಂದಿ ಅಧ್ಯಾಪಕರು ಹೋಗಿ ಖಾಸಗಿ ಶಾಲೆಗಳಲ್ಲಿ ದುಡಿಯುವ ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಗಳಲ್ಲಾದರೋ ಕಾರ್ಮಿಕ ಸಂಘಗಳಿಗೆ ಅನುಮತಿಯೇ ಇಲ್ಲ.