ಬಡವರ ಮನೆಯ ಅನಿಲ: ದಾನವೋ, ದರವೋ?

ನಮ್ಮಲ್ಲಿ ಅನಿಲವೆಂದರೆ ಬಹುಮಟ್ಟಿಗೆ ಅಡುಗೆಮನೆಯ ಮಾತು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಾಗಲ್ಲ. ಅಲ್ಲಿ ನೆಲದಡಿಯ ಕೊಳವೆಯಲ್ಲಿ ಹರಿದುಬರುವ ನೈಸರ್ಗಿಕ ಅನಿಲವೇ ಅಸಂಖ್ಯ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುತ್ತದೆ. ಬಿಲ್ಲು ಕಟ್ಟಲಾರದವನ ಸಂಪರ್ಕವನ್ನು ಕಡಿದರೆ, ಹಿಮ ಸುರಿಯುವ ರಾತ್ರಿಯಲ್ಲಿ ಆ ಮನೆಯ ಮಕ್ಕಳೂ ವೃದ್ಧರೂ ಪ್ರಾಣಾಪಾಯಕ್ಕೆ ಗುರಿಯಾಗುತ್ತಾರೆ. ಅಂತಹವರಿಗೆ ನೆರವಾಗಬೇಕೆಂಬುದನ್ನು ಬಾಯಿಮಾತಿನಲ್ಲಿ ಎಲ್ಲರೂ ಒಪ್ಪುವರು. ಆದರೆ ಆ ನೆರವಿನ ಹಣ ಯಾರದಾಗಬೇಕು? ಅದನ್ನು ವಿಧಿಸುವ ಅಧಿಕಾರ ಯಾರಿಗಿದೆ?

1976-77ರ ಕಠೋರ ಚಳಿಗಾಲದಲ್ಲಿ ಅನಿಲದ ಅಭಾವ ತಲೆದೋರಿ, 1977ರ ಫೆಬ್ರವರಿಯಲ್ಲಿ ಅಧ್ಯಕ್ಷ ಕಾರ್ಟರ್ ತುರ್ತು ಕಾಯಿದೆಗೆ ಸಹಿ ಹಾಕಬೇಕಾಯಿತು. 1978ರ ಕಾಯಿದೆಯು ಅನಿಲದ ಬೆಲೆಯ ಮೇಲಿದ್ದ ಸರ್ಕಾರದ ಹಿಡಿತವನ್ನು ಹಂತಹಂತವಾಗಿ ಸಡಿಲಿಸಿತು. ದರ ಏರಿತು, ಬಡವರ ಬಾಕಿಯೂ ಬೆಳೆಯಿತು.

ಅದೇ 1978ರಲ್ಲಿ ಮೆಂಫಿಸ್ ನಗರದ ಒಂದು ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಕ್ರಾಫ್ಟ್ ದಂಪತಿಗಳು ಕೊಂಡ ಮನೆ ಹಿಂದೆ ಎರಡು ಸಂಸಾರಗಳಿದ್ದ ಮನೆ. ಮೀಟರುಗಳು ಎರಡೆರಡು, ಬಿಲ್ಲುಗಳೂ ಎರಡು. ಈ ಗೊಂದಲ ಬಗೆಹರಿಯುವ ಮೊದಲೇ ನಗರಸಭೆಯ ಒಡೆತನದ ಸಂಸ್ಥೆ ಸುಮಾರು ಒಂದು ವರ್ಷದಲ್ಲಿ ಐದು ಬಾರಿ ಅವರ ಸಂಪರ್ಕವನ್ನು ಕಡಿಯಿತು. ಆ ಗೃಹಿಣಿ ಕೆಲಸಕ್ಕೆ ರಜೆ ಹಾಕಿ ಕಚೇರಿಗೆ ಅಲೆದರೂ ಸಮರ್ಪಕ ಉತ್ತರ ದೊರೆಯಲಿಲ್ಲ. ಕಡಿಯುವ ಮುನ್ನ, ತಕರಾರನ್ನು ಯಾರ ಮುಂದೆ ಹೇಳಿಕೊಳ್ಳಬಹುದೆಂಬುದನ್ನು ಗ್ರಾಹಕನಿಗೆ ತಿಳಿಸಲೇಬೇಕೆಂದು ನ್ಯಾಯಾಲಯ ವಿಧಿಸಿತು. ಆದರೆ ಈ ರಕ್ಷಣೆ ಸರ್ಕಾರೀ ಸ್ವರೂಪದ ಸಂಸ್ಥೆಗಳ ಗ್ರಾಹಕರಿಗೆ ಮಾತ್ರ. ಖಾಸಗಿ ಕಂಪನಿಗೆ ಅದು ಅನ್ವಯಿಸದೆಂದು ಅದೇ ನ್ಯಾಯಾಲಯ 1974ರಲ್ಲಿಯೇ ಹೇಳಿತ್ತು. ಆದುದರಿಂದ ಖಾಸಗಿ ಕಂಪನಿಗಳ ಗ್ರಾಹಕರು ತಮ್ಮ ರಾಜ್ಯದ ನಿಯಂತ್ರಣ ಆಯೋಗವನ್ನೇ ನೆಚ್ಚಬೇಕಾಯಿತು.

ಆಯೋಗದ ಕೈಯೂ ಕಟ್ಟಿತ್ತು. ಕೊಲರಾಡೋ ರಾಜ್ಯದ ಆಯೋಗವು ಬಡ ವೃದ್ಧರಿಗೂ ಅಂಗವಿಕಲರಿಗೂ ಅನಿಲದ ದರವನ್ನು ತಗ್ಗಿಸಿದಾಗ, 1979ರಲ್ಲಿ ಅಲ್ಲಿನ ಶ್ರೇಷ್ಠ ನ್ಯಾಯಾಲಯ ಆ ಆಜ್ಞೆಯನ್ನು ತಳ್ಳಿಹಾಕಿತು. ಒಂದೇ ಸೇವೆಗೆ ಒಬ್ಬನಿಂದ ಕಡಿಮೆ, ಮತ್ತೊಬ್ಬನಿಂದ ಹೆಚ್ಚು ಪಡೆಯುವುದು ಅನುಚಿತ ಪಕ್ಷಪಾತವೆಂಬುದು ಅದರ ನಿಲುವು. ಈ ವಾದವನ್ನು ನಿಷ್ಕರುಣೆಯೆಂದು ಬದಿಗೊತ್ತುವುದು ಸುಲಭ, ಆದರೆ ನ್ಯಾಯವಲ್ಲ. ಪರರ ಜೇಬಿನಿಂದ ದಾನ ಮಾಡುವ ಅಧಿಕಾರ ನಿಯಂತ್ರಕನಿಗೆ ಎಲ್ಲಿಂದ ಬಂತು ಎಂಬುದು ನಿಜವಾದ ಪ್ರಶ್ನೆಯೇ.

1981ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ನೆರವಿನ ನಿಧಿಯನ್ನು ಏರ್ಪಡಿಸಿತು. ಅದು ಬೊಕ್ಕಸದ ಹಣವಾದ್ದರಿಂದ ಪಕ್ಷಪಾತದ ಮಾತು ಏಳಲಿಲ್ಲ. ಆದರೆ ಸಂಸತ್ತು ವರ್ಷವರ್ಷ ಕೊಟ್ಟಷ್ಟೇ ಹಣ. ಅದು ತೀರಿದರೆ ಅರ್ಹನೂ ಬರಿಗೈಯಲ್ಲಿ ಹಿಂದಿರುಗಬೇಕು.

ಒಹಾಯೋ ಆಯೋಗ 1983ರಲ್ಲಿ ಬೇರೆ ದಾರಿ ಹಿಡಿಯಿತು. ಬಡ ಕುಟುಂಬವು ಬಿಲ್ಲಿನ ಮೊತ್ತದ ಬದಲು ತನ್ನ ಆದಾಯದ ಗೊತ್ತಾದ ಭಾಗವನ್ನು ಕಟ್ಟಿದರೆ ಸಾಕು. ಮನೆ ಕಾಯಿಸುವ ಇಂಧನಕ್ಕೆ ನೂರಕ್ಕೆ 10, ಇನ್ನೊಂದಕ್ಕೆ 5. ಸಂಪರ್ಕ ಉಳಿಯಿತು, ಆದರೆ ಉಳಿದ ಮೊತ್ತ ಸಾಲವಾಗಿ ಅವನ ಹೆಸರಿನಲ್ಲೇ ಬೆಳೆಯುತ್ತಿತ್ತು. ಎಂದೂ ತೀರಿಸಲಾಗದ ಸಾಲವನ್ನು ಪುಸ್ತಕದಲ್ಲಿ ಹೊತ್ತವನಿಗೆ ದೊರೆತದ್ದು ಅರ್ಧ ಉಪಕಾರವಷ್ಟೇ. 2010ರಲ್ಲಿ ಈ ಲೋಪ ತಿದ್ದುಪಡಿಯಾಯಿತು: ಅನಿಲದ ಪಾಲು ನೂರಕ್ಕೆ 6ಕ್ಕೆ ಇಳಿಯಿತು, ಸಕಾಲದಲ್ಲಿ ಪೂರ್ತಿ ಕಟ್ಟಿದ ಪ್ರತಿ ತಿಂಗಳೂ ಹಳೆಯ ಬಾಕಿಯ 24ನೆಯ ಒಂದು ಭಾಗ ಮನ್ನಾ ಆಗತೊಡಗಿತು.

ಕೊಲರಾಡೋ ಎತ್ತಿದ ಆಕ್ಷೇಪಣೆಗೆ ಸಮಾಧಾನ ದೊರೆತದ್ದು ಲೆಕ್ಕದ ಪುಸ್ತಕದಿಂದ. ಬಡವನಿಂದ ವಸೂಲಾಗದ ಬಾಕಿಯೂ, ಸಂಪರ್ಕ ಕಡಿಯುವ, ಮತ್ತೆ ಜೋಡಿಸುವ ಖರ್ಚೂ ಹೇಗೂ ಇತರ ಗ್ರಾಹಕರ ದರದಲ್ಲಿಯೇ ಸೇರಿಕೊಂಡಿರುತ್ತವೆ. ಅದನ್ನು ಮುಚ್ಚಿಡುವ ಬದಲು ನಿಯಮಕ್ಕೆ ಒಳಪಡಿಸುವುದು ಮೇಲಲ್ಲವೇ? ಪೆನ್ಸಿಲ್ವೇನಿಯಾದ ಆಯೋಗ 1992ರಲ್ಲಿ ಇಂತಹ ಯೋಜನೆಗಳಿಗೆ ಮಾರ್ಗಸೂಚಿಯನ್ನು ಪ್ರಕಟಿಸಿತು. 1999ರಲ್ಲಿ ಅನಿಲದ ಮಾರಾಟವನ್ನು ಸ್ಪರ್ಧೆಗೆ ತೆರೆದ ಶಾಸನವು ಬಡವರ ನೆರವನ್ನು ಕಡ್ಡಾಯಗೊಳಿಸಿ, ಅದರ ವೆಚ್ಚವನ್ನು ದರದ ಮೂಲಕ ಪಡೆಯಲು ಕಂಪನಿಗಳಿಗೆ ಅನುಮತಿಯಿತ್ತಿತು. ದಾನವಾಗಿದ್ದದ್ದು ದರದ ಒಂದು ಅಂಶವಾಯಿತು.

ಆದರೆ ಆ ವೆಚ್ಚ ಬಹುಮಟ್ಟಿಗೆ ಬಿದ್ದದ್ದು ಮನೆಬಳಕೆಯ ಗ್ರಾಹಕರ ಮೇಲೆ, ಕಾರ್ಖಾನೆಗಳ ಮೇಲಲ್ಲ. ಸರ್ಕಾರ ಗೊತ್ತುಮಾಡಿದ ಬಡತನದ ಗಡಿಯ ನೂರಕ್ಕೆ 150ರೊಳಗೆ ಆದಾಯವಿರುವವನು ನೆರವಿಗೆ ಅರ್ಹ. ಅದಕ್ಕಿಂತ ಕೆಲವೇ ಡಾಲರು ಹೆಚ್ಚು ಗಳಿಸುವ ನೆರೆಮನೆಯವನು ತನ್ನ ಪೂರ್ತಿ ಬಿಲ್ಲಿನ ಜೊತೆಗೆ ಆ ನೆರವಿನ ಪಾಲನ್ನೂ ತೆರುತ್ತಾನೆ.